ಈರಮ್ಮನ ಹುಲ್ಲು

ಅತ್ತೆ,

ಸಿರುಗುಪ್ಪದಿಂದ ಈಗಷ್ಟೇ ಬಂದೆ. ಬೆಳಿಗ್ಗೆಯಿಂದ ಕರೆಂಟ್ ಆಫೀಸಿನ ಬೆಂಚಿನ ಮೇಲೆ ಕೂತು ಸೊಂಟ ಹಿಡಿದುಕೊಂಡಿದೆ. ಸಾಹೇಬರು ಬಳ್ಳಾರಿಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಎಂದರು. ಆಫೀಸು ಮುಚ್ಚುವ ಹೊತ್ತಾದರೂ ಬರಲಿಲ್ಲ. ಕಾಲು ತೊಳೆದು, ನಿಮ್ಮ ಮಗನಿಗೆ ಚಹಾ ಕೊಟ್ಟು, ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಓದಲು ಬಾರದು ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಬಸ್ಸಿನ ಬೋರ್ಡು, ಮಾತ್ರೆಯ ಪೊಟ್ಟಣ, ಆದೋನಿಯಿಂದ ನಿಮ್ಮ ತಮ್ಮ ಕಳಿಸಿದ ಮದುವೆ ಕಾರ್ಡು, ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ. ನೀವು ಪೂರಾ ಕೇಳಿಸಿಕೊಂಡು, "ಇಷ್ಟ ಬರದಾರೋ, ನೀ ಏನಾರ ಬಿಟ್ಟಿಯೋ?" ಎಂದು ಅನುಮಾನ ಪಡುತ್ತಿದ್ದಿರಿ. ಇದರಲ್ಲಿ ಏನನ್ನೂ ಬಿಡುವುದಿಲ್ಲ. ನೀವು ಹೋದ ಮೇಲೆ ದಿಬ್ಬದ ಹೊಲದ ಹುಲ್ಲಿಗೆ ಏನಾಯಿತು ಎಂದು ನಿಮಗೆ ಯಾರು ತಾನೇ ಹೇಳಿದ್ದಾರೆ…

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ನನ್ನನ್ನು ಆ ಹೊಲಕ್ಕೆ ಕರೆದುಕೊಂಡು ಹೋಗಿದ್ದಿರಿ, ನೆನಪಿದೆಯೇ? ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹುಟ್ಟಿ ಬೆಳೆದವಳು. ಅಪ್ಪನ ಸೈಕಲ್ ಅಂಗಡಿಯ ಹಿಂದೆಯೇ ನಮ್ಮ ಮನೆ. ಒಂದು ಕಡೆ ಮಸೀದಿಯ ಮೈಕು, ಇನ್ನೊಂದು ಕಡೆ ತಗಡು ಬಡಿಯುವವರ ಸುತ್ತಿಗೆ, ನಡುವೆ ಆಟೋಗಳು. ಹಕ್ಕಿ ಎಂದರೆ ನನ್ನ ಪಾಲಿಗೆ ಕಾಗೆ, ಗುಬ್ಬಿ, ಪಾರಿವಾಳ. ರಾರಾವಿ ದಾರಿಯಲ್ಲಿ ಬಸ್ಸಿನಿಂದ ಇಳಿದು ಆ ಕರಿ ಎರೆ ಬಯಲನ್ನು ನೋಡಿದಾಗ ಅದೇ ಬಸ್ಸಿಗೆ ವಾಪಸು ಹತ್ತಿಬಿಡಲೇ ಅನ್ನಿಸಿತ್ತು. ಅಷ್ಟು ಖಾಲಿ. ನೀವು ನನ್ನ ಕೈ ಹಿಡಿದು ಒಂದು ಜಾಲಿ ಗಿಡದ ಮರೆಯಲ್ಲಿ ಕೂರಿಸಿ, "ಸದ್ದ ಮಾಡಬ್ಯಾಡ. ಅಲ್ನೋಡು, ಬಟ್ಟಮೇಕ ಅದಾಳ" ಎಂದಿರಿ. ತೆಲುಗಿನಲ್ಲಿ ಮೇಕ ಎಂದರೆ ಆಡು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಎಷ್ಟು ಹುಡುಕಿದರೂ ಆಡು ಕಾಣಲಿಲ್ಲ. "ಆಡು ಎಲ್ಲೈತ್ರಿ ಅತ್ತಿ?" ಎಂದು ಕೇಳಿದ್ದಕ್ಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಿರಿ. ನೀವು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಗ ಹುಲ್ಲಿನ ನಡುವಿನಿಂದ ಬೂದುಬಿಳಿ ಬಣ್ಣದ ಉದ್ದ ಕತ್ತು ಎದ್ದಿತು. ತಲೆಯ ಮೇಲೆ ಕರಿ ಟೋಪಿ ಇಟ್ಟ ಹಾಗೆ, ಬೆನ್ನು ಒಣ ಹುಲ್ಲಿನದೇ ಬಣ್ಣ. ನನ್ನ ಸೊಂಟದ ಹತ್ತಿರ ಬರುವಷ್ಟು ಎತ್ತರ. ಮದುವೆ ಮನೆಯಲ್ಲಿ ಊಟಕ್ಕೆ ಕೂತವರ ಸಾಲು ನೋಡುತ್ತ ಹೋಗುವ ಹಿರಿಯರ ಹಾಗೆ ನಿಧಾನಕ್ಕೆ ನಡೆಯುತ್ತಿತ್ತು. ನಮ್ಮೂರವರು ಅದನ್ನು ಎರೆಭೂತ ಎನ್ನುತ್ತಾರೆ. ಆಂಧ್ರದ ಕಡೆಯಿಂದ ಬಂದ ನೀವು ಮಾತ್ರ ಕೊನೆಯವರೆಗೂ ಬಟ್ಟಮೇಕ ಎಂದೇ ಕರೆದಿರಿ, ಅದೂ 'ಆಕಿ' ಎಂದು. ಸುಳ್ಳು ಯಾಕೆ ಹೇಳಲಿ, ಅವತ್ತು ನನಗೆ ಅದರಲ್ಲಿ ಅಂಥದ್ದೇನೂ ಕಾಣಲಿಲ್ಲ. ಇದೊಂದನ್ನು ತೋರಿಸಲು ಇಷ್ಟು ದೂರ ನಡೆಸಿದರಲ್ಲ ಎಂದುಕೊಂಡೆ.

ನನ್ನ ಮಗಳು ಹೊಟ್ಟೆಯಲ್ಲಿದ್ದ ವರ್ಷ ಜೀಪು ಬಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಬೇಟೆಗೆ ಬಂದವರು, ಎಲ್ಲಿಯವರೋ. ಒಬ್ಬನ ಹೆಗಲ ಮೇಲೆ ಬಂದೂಕು. ನೀವು ಎಮ್ಮೆಗೆ ಮೇವು ಕೊಯ್ಯುತ್ತಿದ್ದವರು ಕುಡಗೋಲು ಹಿಡಿದುಕೊಂಡೇ ಅವರ ಎದುರು ಹೋಗಿ ನಿಂತಿರಿ. ನಾನು ನಿಮ್ಮ ಹಿಂದೆ, ನಿಮ್ಮ ಸೆರಗು ಹಿಡಿದು.

"ಆಕಿ ಬಾಣಂತಿ ಅದಾಳ. ತತ್ತಿ ಮ್ಯಾಲೆ ಕುಂತಾಳ. ಬಾಣಂತಿ ಮುಂದ ಬಂದೂಕ ಹಿಡ್ಕಂಡು ನಿಂದ್ರತೀರೇನು?"

ಅವರಲ್ಲೊಬ್ಬ ನಕ್ಕ. "ಹಕ್ಕಿಗೂ ಬಾಣಂತನ ಮಾಡ್ತೀಯೇನಮ್ಮ?"

"ಮಾಡ್ತೀನಿ. ನಿಮ್ಮವ್ವಗ ಯಾರೂ ಮಾಡಲಿಲ್ಲೇನು?"

ಅವರ ನಗು ನಿಂತುಹೋಯಿತು. ಜೀಪು ತಿರುಗಿಸಿಕೊಂಡು ಹೋದರು. ನೀವು ಏನೂ ಆಗದವರಂತೆ ಮತ್ತೆ ಮೇವು ಕೊಯ್ಯಲು ಕೂತಿರಿ. ಆದರೆ ಕಣ್ಣು ಜೀಪು ಹೋದ ದಾರಿಯ ಮೇಲಿದ್ದುದರಿಂದ ಬೆರಳು ಕೊಯ್ದುಕೊಂಡಿರಿ. ನಾನು ಸೆರಗು ಹರಿದು ಕಟ್ಟಿದ್ದಕ್ಕೆ, "ಹೊಸ ಸೀರಿ ಹರದೀಯಲ್ಲ" ಎಂದು ಮನೆಯವರೆಗೂ ಬೈದಿರಿ. ನೀವು ಮೆತ್ತಗಿನ ಹೆಂಗಸಲ್ಲ ಅತ್ತೆ. ಸಾರಿಗೆ ಉಪ್ಪು ಹೆಚ್ಚಾದರೆ ಎರಡು ದಿನ ಮಾತು ಬಿಡುತ್ತಿದ್ದವರು. ಅಂಥ ನೀವು ದೀಪಾವಳಿ ಕಳೆಯುವವರೆಗೆ ಆ ಹುಲ್ಲಿಗೆ ಕುಡಗೋಲು ಮುಟ್ಟಿಸುತ್ತಿರಲಿಲ್ಲ. ಅಂಚಿನ ಮೇವು ಮಾತ್ರ ಎಮ್ಮೆಗೆ. ನಡುವಿನದೆಲ್ಲ ಆಕೆಗೆ. ಊರವರ ಬಾಯಲ್ಲಿ ಆ ಹೊಲಕ್ಕೆ ನಿಮ್ಮ ಹೆಸರೇ ಬಿದ್ದು 'ಈರಮ್ಮನ ಹುಲ್ಲು' ಎಂದಾಯಿತು.

ಪಕ್ಕದ ಹೊಲದ ಎರ್ರಿಸ್ವಾಮಿ ಉಳುಮೆಗೆ ಇಳಿದ ದಿನ ನೀವು ಮಾಡಿದ ರಂಪ ಇಡೀ ಊರಿಗೆ ಕೇಳಿತ್ತು. ಅಲ್ಲಿಯವರೆಗೆ ಅವನ ಕಡೆಯೂ ಹುಲ್ಲೇ ಇತ್ತು. ನಮ್ಮದು ಯಾವುದು, ಅವನದು ಯಾವುದು ಎಂದು ಗೊತ್ತಾಗದ ಹಾಗೆ ಒಂದೇ ಬಯಲು. ಕಾಲುವೆ ನೀರು ಪೈಪಿನಲ್ಲಿ ಮೇಲಕ್ಕೂ ಬರುತ್ತದೆ ಎಂದಾದಾಗ ಎಲ್ಲರ ಹಾಗೆ ಅವನೂ ಭತ್ತ ಮಾಡಲು ಹೊರಟ. ಅವನ ತಪ್ಪಾದರೂ ಏನು? ಅವನ ಹೊಲ, ಅವನ ಮಕ್ಕಳು. ಆದರೆ ಆ ವರ್ಷ ಆಕೆ ತತ್ತಿ ಇಟ್ಟಿದ್ದು ಅವನ ಕಡೆ. ಎರಡು ವಾರ ತಡೆ ಎಂದು ಅಂಗಲಾಚಿದಿರಿ. ಟ್ರ್ಯಾಕ್ಟರು ಮತ್ತೆ ಸಿಗುವುದಿಲ್ಲ ಎಂದು ಅವನು ನಿಲ್ಲಿಸಲಿಲ್ಲ. ಸಂಜೆ ಒಡೆದ ತತ್ತಿಯ ಸಿಪ್ಪೆ ಕೈಯಲ್ಲಿ ಹಿಡಿದು ಅವನ ಬಾಗಿಲಿಗೆ ಹೋದಿರಿ.

"ಕಾಣಲಿಲ್ಲ ಚಿಕ್ಕವ್ವ" ಎಂದ ಅವನು.

"ನಾ ಮುಂಜೇಲಿಂದ ಬಡಕೊಂಡಿದ್ದು ಕೇಳಲಿಲ್ಲೇನು?"

ಅದೇ ಕೊನೆಯ ಮಾತು. ಅವನು ನಡುವೆ ದಪ್ಪನೆಯ ಬದು ಹಾಕಿ ನೀರು ಕಟ್ಟಿದ. ಮುಂದೆ ಅವನ ಹೆಂಡತಿ ತೀರಿಕೊಂಡಾಗ ನೀವು ಮೂರು ಹೊತ್ತೂ ಅವನ ಮನೆಗೆ ಅಡುಗೆ ಮಾಡಿ ಕಳಿಸಿದಿರಿ. ಅವನ ಮಕ್ಕಳ ತಲೆ ಬಾಚಿದಿರಿ. ಅವನ ಜೊತೆ ಮಾತ್ರ ಒಂದು ಮಾತಾಡಲಿಲ್ಲ. ಇದೆಂಥ ಹಟ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಭತ್ತ ದಿಬ್ಬದವರೆಗೂ ಏರಿದ ಮೇಲೆ ನಮ್ಮ ಹುಲ್ಲು ನೀರಿನ ನಡುವಿನ ನಡುಗಡ್ಡೆಯ ಹಾಗೆ ಉಳಿಯಿತು. ಗುಳ್ಳೆನರಿ, ಉಡ, ಗೌಜಲಕ್ಕಿ, ನೆಲದಲ್ಲೇ ತತ್ತಿ ಇಡುವ ಟಿಟ್ಟಿಭ, ಮುಂಜಾನೆ ಮೇಲೆ ಹಾರಿ ಹಾಡಿ ಮತ್ತೆ ಹುಲ್ಲಿಗೆ ಬೀಳುವ ಆ ಸಣ್ಣ ಹಕ್ಕಿ, ಎಲ್ಲ ಆ ತುಂಡಿನಲ್ಲೇ ಬಂದು ಸೇರಿಕೊಂಡವು. ಬೇರೆಲ್ಲಿ ಹೋಗಬೇಕು? ಗದ್ದೆಗಳಲ್ಲಿ ಇಲಿ ಹೆಚ್ಚಾಯಿತೆಂದು ಜನ ವಿಷದ ಕಾಳು ಹಾಕಿದರು. ಆ ಇಲಿ ತಿಂದ ಗೂಬೆ ಸತ್ತಿತು, ನರಿ ಸತ್ತಿತು. ಇಲಿ ತಿನ್ನುವವರೇ ಇಲ್ಲದೆ ಮರುವರ್ಷ ಇಲಿ ಇನ್ನಷ್ಟಾಯಿತು, ವಿಷವೂ ಇನ್ನಷ್ಟಾಯಿತು. ಒಂದು ಎಳೆ ಜಗ್ಗಿದರೆ ಇಡೀ ಸೀರೆ ಸುಕ್ಕಾಗುವ ಹಾಗೆ. ಬಟ್ಟಮೇಕ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು ಎಂಬಂತಾಯಿತು. ಹುಲ್ಲಿನ ಹೊರೆ ಹೊತ್ತು ಹೊತ್ತು ಕುತ್ತಿಗೆ ನೋಯುತ್ತಿದ್ದ ಒಂದು ದಿನ ನಾನು ರೇಗಿ ಕೇಳಿದೆ: "ಬಾರದ ಹಕ್ಕಿಗೆ ಇಷ್ಟು ಹೊಲ ಯಾಕ ಬಿಡಬೇಕ್ರಿ ಅತ್ತಿ?" ನೀವು ಎಮ್ಮೆಯ ಮೈ ತಿಕ್ಕುತ್ತಲೇ ಹೇಳಿದಿರಿ: "ಬಂದ್ರ ಎಲ್ಲಿ ಇಳೀಬೇಕು ಆಕಿ?" ಸಿಟ್ಟಿಗೆ ನಾನು ಆ ದಿನ ಊಟ ಬಿಟ್ಟೆ.

ಬಳ್ಳಾರಿಯ ಆಸ್ಪತ್ರೆಯಲ್ಲಿ ನೀವಿದ್ದ ಆ ಬೇಸಿಗೆಯಲ್ಲಿ ನಮ್ಮಿಬ್ಬರಿಗೂ ಜಗಳವಾಡಲು ಶಕ್ತಿ ಉಳಿದಿರಲಿಲ್ಲ. ಕಿಟಕಿಯಿಂದ ಕೋಟೆಯ ಗುಡ್ಡ ಕಾಣುತ್ತಿತ್ತು. ಆ ಬಂಡೆ ಕಾದು ಕೆಂಪಗಾಗುವುದನ್ನು ನೋಡುತ್ತ ಮಲಗಿರುತ್ತಿದ್ದಿರಿ. ಮೂಗಿಗೆ ನಳಿಕೆ, ಮಾತು ಅರ್ಧಂಬರ್ಧ. ಒಮ್ಮೆ ನಿಮ್ಮ ಮಗನನ್ನು ಹತ್ತಿರ ಕರೆದು, "ಬಸಣ್ಣ, ಮಳಿ ಬಿದ್ದ ಮ್ಯಾಲೆ…" ಎಂದಿರಿ. ಅವರು ಬಗ್ಗಿದರು. ಅಷ್ಟರಲ್ಲಿ ಕೆಮ್ಮು ಬಂತು. ಮಳೆ ಬಿದ್ದ ಮೇಲೆ ಏನು ಎಂಬುದನ್ನು ನೀವು ಹೇಳಲೇ ಇಲ್ಲ. ಉಳಬೇಡ ಎನ್ನುವವರಿದ್ದಿರೋ, ಮನೆಯ ಮಾಳಿಗೆ ಸೋರುತ್ತದೆ ನೋಡು ಎನ್ನುವವರಿದ್ದಿರೋ. ನಾವಿಬ್ಬರೂ ಒಂದೊಂದು ಅರ್ಥ ಮಾಡಿಕೊಂಡೆವು.

ಆ ವರ್ಷ ಮುಂಗಾರು ಬಿದ್ದ ಕೂಡಲೇ ನಿಮ್ಮ ಮಗ ಟ್ರ್ಯಾಕ್ಟರಿಗೆ ಹೇಳಿದರು. ಪೈಪು ತರಿಸಿ ಮೆಣಸಿನಕಾಯಿ ಹಾಕೋಣ ಎಂದರು. ನಾನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ನಿಮ್ಮನ್ನು ಕಳಿಸಿಕೊಟ್ಟು ಬಂದ ಆಯಾಸ ಇನ್ನೂ ಮೈಯಲ್ಲಿತ್ತು. ಯಾವುದಾದರೂ ಒಂದು ಮುಗಿಯಲಿ ಅನ್ನಿಸಿತ್ತು. ಬುತ್ತಿ ತೆಗೆದುಕೊಂಡು ಹೋದಾಗ ಅರ್ಧ ಹೊಲ ಕಪ್ಪಗೆ ಮಗುಚಿ ಬಿದ್ದಿತ್ತು. ಕೊಕ್ಕರೆಗಳು ನೇಗಿಲ ಹಿಂದೆ ಹುಳ ಆರಿಸುತ್ತಿದ್ದವು. ಡ್ರೈವರು ಉಳುತ್ತಿದ್ದ, ನಿಮ್ಮ ಮಗ ಮುಂದೆ ನಡೆಯುತ್ತ ಕಲ್ಲು ತೆಗೆಯುತ್ತಿದ್ದರು. ಇದ್ದಕ್ಕಿದ್ದಂತೆ ಅವರು ಎರಡೂ ಕೈ ಮೇಲೆತ್ತಿದರು. ಟ್ರ್ಯಾಕ್ಟರು ನಿಂತಿತು.

ಆಕೆ ಎದುರಿಗೇ ಇದ್ದಳು, ಅತ್ತೆ. ಹಾರಿ ಹೋಗಲಿಲ್ಲ. ರೆಕ್ಕೆ ಎರಡನ್ನೂ ನೆಲಕ್ಕೆ ಹರಡಿ, ಕತ್ತು ತಗ್ಗಿಸಿ, ಆ ಕಬ್ಬಿಣದ ಯಂತ್ರದ ಮುಂದೆ ನಿಂತಿದ್ದಳು. ನಾನು ಬುತ್ತಿ ಕೆಳಗಿಟ್ಟೆ. ಸ್ವಲ್ಪ ಹೊತ್ತಿನ ನಂತರ ಆಕೆ ಹುಲ್ಲಿನೊಳಗೆ ಹಿಂದೆ ಸರಿದಳು. ಆಗ ಕಂಡಿತು, ಬರಿ ನೆಲದ ಮೇಲೆ ಒಂದೇ ಒಂದು ತತ್ತಿ. ಗೂಡಿಲ್ಲ, ಕಡ್ಡಿಯಿಲ್ಲ, ಮಣ್ಣಿನದೇ ಬಣ್ಣ. ಟ್ರ್ಯಾಕ್ಟರಿನ ಗಾಲಿಯಿಂದ ಒಂದು ಮಾರು ದೂರ.

"ಏನಣ್ಣ, ಬಳಸಿ ಹೊಡೀಲೇನು?" ಎಂದು ಡ್ರೈವರು ಕೇಳಿದ.

ನಿಮ್ಮ ಮಗ ತತ್ತಿ ನೋಡುತ್ತ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತರು. "ಬ್ಯಾಡ. ಹೋಗಿಬಿಡು. ಅವ್ವ ಇದ್ದಿದ್ರ ಇಷ್ಟೊತ್ತಿಗೆ ಬಡಿಗಿ ತಗಂಡು ಬರ್ತಿದ್ಲು" ಎಂದರು. ಮನೆಗೆ ಬಂದೆವು. ಬಾವಿಯ ಹತ್ತಿರ ಮುಖ ತೊಳೆಯಲು ನಿಂತವರು ತೊಳೆಯುತ್ತಲೇ ಇದ್ದರು. ನೀವು ತೀರಿಕೊಂಡಾಗಲೂ ಅಳದಿದ್ದ ಮನುಷ್ಯ.

ಮರುದಿನ ಸುದ್ದಿ ಕೇಳಿ ಅರಣ್ಯ ಇಲಾಖೆಯ ಗಾರ್ಡು ಮಂಜುಳಾ ಬಂದಳು. ಕುರುಗೋಡಿನ ಹುಡುಗಿ, ಬೈಕಿನ ಮೇಲೆ ಓಡಾಡುತ್ತಾಳೆ, ಮಾತು ಕಡಿಮೆ. ದೂರದಿಂದಲೇ ದುರ್ಬೀನು ಹಿಡಿದು ನೋಡಿ, ಬೈಕಿಗೆ ಒರಗಿಕೊಂಡು ಹಾಗೇ ನಿಂತಳು. "ಅಕ್ಕ, ನಮ್ಮ ಕಡಿ ಇವು ಬೆರಳಾಗ ಎಣಿಸುವಷ್ಟ ಉಳದಾವು. ವರ್ಷಕ್ಕ ಒಂದ ತತ್ತಿ ಇಡ್ತಾವು. ಅದು ಹೋತಂದ್ರ ಆ ವರ್ಷ ಹೋತು" ಎಂದಳು. ನಾನು, ಇದೊಂದು ಹಕ್ಕಿ ಹೋದರೆ ಏನಾಗುತ್ತದಮ್ಮ, ನಿಜವಾಗಿ ಹೇಳು ಎಂದೆ. ಕೇಳಬೇಕು ಅನ್ನಿಸಿತ್ತು, ಕೇಳಿದೆ. "ಇದು ಇದ್ರ ಹುಲ್ಲು ಐತಿ ಅಂತ ಲೆಕ್ಕ ಅಕ್ಕ. ಹುಲ್ಲು ಇದ್ರ ನರಿ, ಗೂಬಿ, ಜೇನು, ಕುರಿಗೆ ಮೇವು, ನೆಲಕ್ಕ ನೀರು. ಇದು ಹೋತಂದ್ರ ಉಳಿದಾವೂ ಹಿಂದಿಂದ ಹೋಗ್ತಾವು" ಎಂದಳು. ನೀವು ಇಷ್ಟು ಉದ್ದ ಹೇಳುತ್ತಿರಲಿಲ್ಲ. ಬೈದು ಮುಗಿಸುತ್ತಿದ್ದಿರಿ.

ಆ ತಿಂಗಳು ಪೂರ್ತಿ ನಾವು ಹೊಲದಲ್ಲೇ ಇದ್ದ ಹಾಗೆ. ಬೆಳಿಗ್ಗೆ ನಾನು, ಮಧ್ಯಾಹ್ನ ನಿಮ್ಮ ಮಗ, ಬಿಡುವಿದ್ದಾಗ ಮಂಜುಳಾ. ಊರ ನಾಯಿಗಳು ದಿನಕ್ಕೆ ಎಷ್ಟು ಸಲ ಬರುತ್ತಿದ್ದವೋ. ಆಕೆ ಹುಳು ಹೆಕ್ಕಲು ಎದ್ದು ಹೋದಾಗಲಂತೂ ಕಾಗೆಗಳನ್ನು ಓಡಿಸಿ ಓಡಿಸಿ ತೋಳು ಸೋಲುತ್ತಿತ್ತು. ಕುರಿ ಕಾಯುವವರನ್ನು ಬೇರೆ ದಾರಿಯಲ್ಲಿ ಹೋಗಿ ಎಂದು ಬೇಡಿಕೊಂಡೆವು. ಬೈದುಕೊಂಡೇ ಹೋದರು, ಆದರೂ ಹೋದರು. ನಿಮ್ಮ ಮಗ ಛತ್ರಿ ಹಿಡಿದು ಕೂತಿರುವುದನ್ನು ನೋಡಿ ದಾರಿಹೋಕರು, "ಬಸಣ್ಣ ಹಕ್ಕಿ ಹೆರಿಗಿ ಕಾಯಾಕ ಹತ್ಯಾನ" ಎಂದು ನಗುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ನನಗೆ ಮಾತ್ರ ಮೊದಲ ಸಲ ಅನ್ನಿಸಿತು, ಇದನ್ನು ನೀವು ಎಷ್ಟು ವರ್ಷ ಒಬ್ಬರೇ ಮಾಡಿದಿರಿ ಎಂದು. ನಿಮಗೂ ಬೇಸರವಾಗುತ್ತಿರಲಿಲ್ಲವೇ? ಸಾಕು ಅನ್ನಿಸುತ್ತಿರಲಿಲ್ಲವೇ?

ಒಂದು ಬೆಳಿಗ್ಗೆ ತತ್ತಿಯ ಜಾಗದಲ್ಲಿ ಸಿಪ್ಪೆ ಮಾತ್ರ ಇತ್ತು. ನಾಯಿ ತಿಂದಿತು ಎಂದುಕೊಂಡೆ. ಮಂಜುಳಾ ಬಂದು ಸುತ್ತ ನೋಡಿ, ಸುಮ್ಮನೆ ದುರ್ಬೀನನ್ನು ನನ್ನ ಕೈಗೆ ಕೊಟ್ಟು ಹುಲ್ಲಿನ ಕಡೆ ತಿರುಗಿಸಿದಳು. ಆಕೆ ನಡೆಯುತ್ತಿದ್ದಳು. ಹಿಂದೆ ಒಂದು ಮರಿ, ಕೋಳಿ ಮರಿಗಿಂತ ತುಸು ದೊಡ್ಡದು, ಕಾಲು ಮಾತ್ರ ಉದ್ದುದ್ದ, ಎಡವಿಕೊಂಡು. ನಿಮ್ಮ ಮಗ ಸಂಜೆ ಸಿರುಗುಪ್ಪಕ್ಕೆ ಹೋಗಿ ಮಿರ್ಚಿ, ಮಂಡಕ್ಕಿ ತಂದರು. ಅಂಗಳದಲ್ಲಿ ಕೂತು ತಿಂದೆವು.

ಇಲ್ಲಿಗೇ ನಿಲ್ಲಿಸಿಬಿಡಲೇ ಅತ್ತೆ? ನಿಲ್ಲಿಸಬಹುದಾಗಿತ್ತು. ಏನನ್ನೂ ಬಿಡುವುದಿಲ್ಲ ಎಂದು ಹೇಳಿದ್ದೇನಲ್ಲ…

ಭತ್ತ ಹಣ್ಣಾಗುತ್ತಿದ್ದ ಕಾಲದಲ್ಲಿ ಎರ್ರಿಸ್ವಾಮಿ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದು ನಿಂತ. ಎಷ್ಟೋ ವರ್ಷಗಳಲ್ಲಿ ಅವನು ನಮ್ಮ ಅಂಗಳ ತುಳಿದಿರಲಿಲ್ಲ. ಎರಡು ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಏನೋ ಇತ್ತು. ಮಗುವನ್ನು ಹಿಡಿದ ಹಾಗೆ ಹಿಡಿದಿದ್ದ. "ನನ್ನ ಗದ್ದ್ಯಾಗ ಬಿದ್ದಿತ್ತು. ನಾ ಏನೂ ಮಾಡಿಲ್ಲ ಬಸಣ್ಣ" ಎಂದ. ಅದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಟವೆಲಿನ ಹೊರಗೆ ಆ ಬೂದುಬಿಳಿ ಕತ್ತು ಜೋಲುತ್ತಿತ್ತು.

ಅವನು ಏನೂ ಮಾಡಿರಲಿಲ್ಲ, ನಿಜ. ಅವನ ಗದ್ದೆಯ ಮೇಲೆ ದೊಡ್ಡ ಕಂಬಗಳ ಹೊಸ ಲೈನು ಹಾದುಹೋಗಿದೆ. ನೀವು ಆಸ್ಪತ್ರೆಯಲ್ಲಿದ್ದಾಗ ಎಳೆದದ್ದು. ಆಕೆ ಹಾರುತ್ತ ಆ ತಂತಿಗೆ ಬಡಿದಿದ್ದಳು. ರೆಕ್ಕೆಯ ಬುಡ ಮುರಿದಿತ್ತು. ಇವುಗಳ ಕಣ್ಣುಗಳು ತಲೆಯ ಪಕ್ಕಕ್ಕಿರುತ್ತವೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಕಂಡರೂ ಭಾರದ ಮೈ ತಟ್ಟನೆ ತಿರುಗುವುದಿಲ್ಲ ಎಂದು ಮಂಜುಳಾ ಹೇಳಿದಳು. ಹೇಳುತ್ತ ಹೇಳುತ್ತ ಬೈಕಿನ ಮರೆಗೆ ಹೋಗಿ ಅತ್ತಳು. ನಾಯಿಯಿಂದ ಕಾದೆವು, ಕಾಗೆಯಿಂದ ಕಾದೆವು, ನೇಗಿಲಿನಿಂದ ಕಾದೆವು. ಆಕಾಶ ನಮ್ಮ ಹೊಲದ್ದಲ್ಲವಲ್ಲ. ಆಮೇಲೆ ವಾರಗಟ್ಟಲೆ ಎಲ್ಲರೂ ಮರಿಯನ್ನು ಹುಡುಕಿದೆವು. ಅಷ್ಟು ಹೊತ್ತಿಗೆ ಅದು ಬೆಳೆದು ಹಾರುವ ಹಾಗಾಗಿತ್ತು. ಸತ್ತದ್ದು ಎಲ್ಲೂ ಸಿಗಲಿಲ್ಲ. ಬದುಕಿದ್ದೂ ಕಾಣಲಿಲ್ಲ. ಎತ್ತಲೋ ಹೋಗಿದೆ ಎಂದು ಮಂಜುಳಾ ಹೇಳುತ್ತಾಳೆ. ನಾನು ಹೂಂ ಎನ್ನುತ್ತೇನೆ.

ಅಲ್ಲಿಂದ ಶುರುವಾಯಿತು ನೋಡಿ ಆಫೀಸುಗಳ ತಿರುಗಾಟ. ತಂತಿಗೆ ಹೊಳೆಯುವ ತಟ್ಟೆಗಳನ್ನು ನೇತುಹಾಕಿದರೆ ಹಕ್ಕಿಗೆ ದೂರದಿಂದ ಕಾಣುತ್ತದಂತೆ. ಅಷ್ಟನ್ನು ಕೇಳಲು ಸಿರುಗುಪ್ಪ, ಬಳ್ಳಾರಿ, ಮತ್ತೆ ಸಿರುಗುಪ್ಪ. ಒಬ್ಬರು, "ಇಷ್ಟು ದಪ್ಪ ತಂತಿ ಕಾಣಂಗಿಲ್ಲೇನಮ್ಮ ಆ ಹಕ್ಕಿಗೆ?" ಎಂದರು. ಇನ್ನೊಬ್ಬರು ಪಾಪ ಕುರ್ಚಿ ಕೊಟ್ಟು, ನೀರು ಕೊಟ್ಟು, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಮಂಜುಳಾ ತನ್ನ ಸಾಹೇಬರ ಹಿಂದೆ ಬಿದ್ದಳು, ನಾನು ಅವಳ ಹಿಂದೆ ಬಿದ್ದೆ. ಕೊನೆಗೆ ಈ ಬೇಸಿಗೆಯಲ್ಲಿ ಲೈನ್‌ಮನ್‌ಗಳು ಬಂದು ನಮ್ಮ ದಿಬ್ಬದ ಎದುರಿನ ಕೆಲವು ಕಂಬಗಳ ನಡುವೆ ತಟ್ಟೆ ಹಾಕಿದರು. ಬಿಸಿಲಿಗೆ ಮಿಣಮಿಣ ಎನ್ನುತ್ತವೆ. ಉಳಿದದ್ದಕ್ಕೆ ಸಾಮಾನು ಬಂದಿಲ್ಲವಂತೆ. ಇವತ್ತು ಹೋಗಿದ್ದೂ ಅದಕ್ಕೇ. ಮುಂದಿನ ವಾರ ಮತ್ತೆ ಹೋಗಬೇಕು. ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆ ಆನಿಸಿ ಲೆಕ್ಕವಿಲ್ಲದಷ್ಟು ಕಂಬಗಳನ್ನು ನೋಡುತ್ತ ಬಂದೆ. ಇದೆಲ್ಲ ಎಲ್ಲಿಗೆ ಮುಗಿಯುವುದು ಅನ್ನಿಸಿಬಿಟ್ಟಿತು.

ಈ ಮುಂಗಾರಿನಲ್ಲಿ ಆಕೆಯ ಜಾತಿಯ ಯಾವ ಹಕ್ಕಿಯೂ ದಿಬ್ಬಕ್ಕೆ ಇಳಿದಿಲ್ಲ. ನಿಮ್ಮ ಮಗ ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಾರೆ. ಬಂದು ಎಮ್ಮೆಗೆ ನೀರು ತೋರಿಸುತ್ತಾರೆ. ಏನೂ ಹೇಳದಿದ್ದರೆ ಇಲ್ಲ ಎಂದರ್ಥ. ಮೆಣಸಿನಕಾಯಿಯ ಮಾತು ಮತ್ತೆ ಎತ್ತಿಲ್ಲ. ಪೈಪು ಬೇಡವೆಂದು ಹೇಳಿ ಬಂದಿದ್ದಾರೆ. ಉತ್ತ ಅರ್ಧದಲ್ಲಿ ಮೊದಲ ವರ್ಷ ಬರೀ ಕಳೆ ಬಂದಿತ್ತು. ಈಗ ಅಲ್ಲಲ್ಲಿ ಹಳೆಯ ಹುಲ್ಲು ಗುಂಪು ಗುಂಪಾಗಿ ಚಿಗುರುತ್ತಿದೆ. ಟಿಟ್ಟಿಭ ತತ್ತಿ ಇಟ್ಟಿದೆ. ಗುಳ್ಳೆನರಿಯೊಂದು ಬಿಲ ತೋಡಿದೆ, ಅದರ ಮರಿಗಳು ಹೊತ್ತು ಏರಿದ ಮೇಲೆ ಬಿಲದ ಬಾಯಿಗೆ ಬಂದು ಕೂರುತ್ತವೆ. ಅವೂ ಬದುಕಬೇಕಲ್ಲ. ಬಟ್ಟಮೇಕ ಬರಲಿಲ್ಲವೆಂದು ಅವನ್ನು ಎಬ್ಬಿಸಿ ಕಳಿಸಲು ಬರುತ್ತದೆಯೇ?

ನಿನ್ನೆ ಸಂಜೆ ಎರ್ರಿಸ್ವಾಮಿ ಮತ್ತೆ ಬಂದಿದ್ದ. ಅಂಗಳದಲ್ಲೇ ನಿಂತು, ಕಾಲಿನಿಂದ ನೆಲ ಕೆರೆಯುತ್ತ, "ದಿಬ್ಬದ ಮಗ್ಗಲದ ಪಟ್ಟಿ ಈ ಸಲ ನಾಟಿ ಮಾಡಂಗಿಲ್ಲ ಬಸಣ್ಣ" ಎಂದ.

"ಯಾಕ?" ಎಂದರು ನಿಮ್ಮ ಮಗ.

"ಸವಳು ಬಂದೈತಿ, ನೆಲ ಉಪ್ಪಾಗೈತಿ. ಹೆಂಗೂ ಬೆಳಿ ಬರಂಗಿಲ್ಲ."

"ಸವಳು ಬಂದಿರದು ನಿನ್ನ ತಗ್ಗಿನ ಗದ್ದ್ಯಾಗ. ಮ್ಯಾಲಿನ ಪಟ್ಟಿಗೆ ಏನಾಗೈತಿ?"

ನಾನು ಒಳಗೆ ಬಾ ಎಂದೆ. ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಚಹಾ ಕೊಟ್ಟೆ. ಕುಡಿದ. ಲೋಟ ಕೆಳಗಿಟ್ಟು, "ಎತ್ತಿದಾಗ ಮೈ ಇನ್ನಾ ಬೆಚ್ಚಗಿತ್ತಕ್ಕ. ಇಷ್ಟು ಭಾರ ಇರ್ತಾಳ ಅಂತ ನಂಗ ಗೊತ್ತಿದ್ದಿಲ್ಲ" ಎಂದ. ನಿಮ್ಮ ಮಗ ತಲೆ ಬಗ್ಗಿಸಿದರು.

ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದ: "ಚಿಕ್ಕವ್ವ ಇದ್ದಿದ್ರ ಈಗಾರ ಮಾತಾಡ್ತಿದ್ಲೇನಕ್ಕ?"

"ಇಲ್ಲ. ಮೊದಲು ಬೈತಿದ್ರು" ಎಂದೆ. ಅವನು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ನೀರು ಕಟ್ಟದಿದ್ದರೆ ಆ ಪಟ್ಟಿಯಲ್ಲಿ ಮತ್ತೆ ಹುಲ್ಲು ಹುಟ್ಟುತ್ತದೆ, ಅತ್ತೆ. ಎರಡೂ ಕಡೆ ಮೊದಲಿನ ಹಾಗೆ ಒಂದೇ ಬಯಲಾಗಲು ನಡುವೆ ಅವನು ಹಾಕಿದ ಆ ಬದುವನ್ನು ಕಡಿಯಬೇಕು. ನಾಳೆ ಬೆಳಿಗ್ಗೆ ಅವನು ಸಲಿಕೆ ತರುತ್ತಾನೆ, ನಾವಿಬ್ಬರು ಬುಟ್ಟಿ ಒಯ್ಯುತ್ತೇವೆ. ಮೂವರೂ ವಯಸ್ಸಾದವರು, ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮುಗಿಯುವವರೆಗೆ ಹೋಗುತ್ತೇವೆ.

ನಿಮ್ಮ ಸೊಸೆ
ಸುಮಂಗಲಾ